ತಣ್ಣಗಿದ್ದ ಕಿವಿ

ಮಾಲಿಂಗನಿಗೆ ಬೆಳಗ್ಗೆ ಎದ್ದ ಕೂಡಲೇ ಕಿವಿ ಮುಟ್ಟುವ ಚಟ. ತನ್ನ ಕಿವಿಯಲ್ಲ, ಕುರಿಗಳದ್ದು. ಹಟ್ಟಿಯ ಮುಳ್ಳುಬೇಲಿ ಸರಿಸಿ ಕುರಿಗಳನ್ನು ಹೊರಗೆ ಬಿಡುವ ಮೊದಲು, ಮಂಕಾಗಿ ಕಂಡ ಕುರಿಯ ಕಿವಿಯ ಬುಡವನ್ನು ಎರಡು ಬೆರಳಿನಲ್ಲಿ ಹಿಡಿದು ನೋಡುತ್ತಿದ್ದ. ತಣ್ಣಗಿದ್ದರೆ ಬೆನ್ನಿಗೊಂದು ತಟ್ಟಿ ಮೇಯಲು ಬಿಡುವುದು, ಬಿಸಿಯಿದ್ದರೆ ಹಿಂದಕ್ಕೆಳೆದು ಗೂಟಕ್ಕೆ ಕಟ್ಟುವುದು. ಅವನಪ್ಪ ಹೀಗೇ ನೋಡುತ್ತಿದ್ದ, ಅಪ್ಪನ ಅಪ್ಪನೂ ಹೀಗೇ. ನಾಗನೂರಿನ ಕುರುಬರ ಓಣಿಯಲ್ಲಿ ಇದನ್ನು ಯಾರೂ ದೊಡ್ಡ ವಿದ್ಯೆ ಎಂದುಕೊಂಡಿರಲಿಲ್ಲ. ಆದರೆ ಮಾಲಿಂಗನಿಗೆ ತನ್ನ ಕೈಯ ಬಗ್ಗೆ ಬಹಳ ಸೊಕ್ಕು. ದನದ ಡಾಕ್ಟರು ಥರ್ಮಾಮೀಟರ್ ಹಾಕಿ ಎರಡು ನಿಮಿಷ ಕಾದು ಹೇಳುವುದನ್ನು ತಾನು ಮುಟ್ಟಿದ ತಕ್ಷಣ ಹೇಳುತ್ತೇನೆಂದು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಮನೆಯ ಮಂದಿಯನ್ನೂ ಅವನ ಕೈ ಬಿಡುತ್ತಿರಲಿಲ್ಲ. ಹೆಂಡತಿ ಯಮನವ್ವ "ನಾ ಏನ ನಿಮ್ಮ ಹಟ್ಟ್ಯಾನ ಕುರಿ ಏನ್ರಿ?" ಎಂದು ಕೈ ತಳ್ಳುತ್ತಿದ್ದಳು. ಮಗಳು ಸುಜಾತಾ ಮಾತ್ರ ಚಿಕ್ಕಂದಿನಿಂದಲೂ ಸುಮ್ಮನೆ ತಲೆ ಬಾಗಿಸಿ ನಿಲ್ಲುತ್ತಿದ್ದಳು. ಹುಕ್ಕೇರಿಯ ಓಟಕ್ಕೆ ಇನ್ನು ಹನ್ನೊಂದು ದಿನ ಇದೆ ಎನ್ನುವಾಗ ಒಂದು ಬೆಳಗ್ಗೆ ಆ ಕಿವಿ ಸುಡುತ್ತಿತ್ತು.

ಸುಜಾತಾಗೆ ಹತ್ತೊಂಬತ್ತು. ಮೂಡಲಗಿಯ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ. ಓದಿನಲ್ಲಿ ಅಷ್ಟಕ್ಕಷ್ಟೇ, ಆದರೆ ಓಡಲು ನಿಂತರೆ ಅವಳನ್ನು ಹಿಂದೆ ಹಾಕುವ ಹುಡುಗಿ ಆ ಸುತ್ತಮುತ್ತಲಲ್ಲಿ ಇರಲಿಲ್ಲ. ಜನವರಿಯಲ್ಲಿ ಹುಕ್ಕೇರಿಯ ಹೊರಗಿನ ಬಯಲಿನಲ್ಲಿ ಜಿಲ್ಲೆಯ ಗುಡ್ಡಗಾಡು ಓಟ. ಹೊಲ, ಹಳ್ಳ, ದಿಬ್ಬ ದಾಟಿ ಆರು ಕಿಲೋಮೀಟರು. ಇಪ್ಪತ್ತರ ಒಳಗಿನ ಹುಡುಗಿಯರಲ್ಲಿ ಮೊದಲ ಮೂವರು ರಾಜ್ಯದ ಓಟಕ್ಕೆ ಹೋಗುತ್ತಾರೆ, ಅಲ್ಲಿ ಚೆನ್ನಾಗಿ ಓಡಿದರೆ ಕ್ರೀಡಾ ಹಾಸ್ಟೆಲಿನವರು ಕರೆದುಕೊಂಡು ಅನ್ನ, ಬಟ್ಟೆ, ಓದು ಎಲ್ಲ ನೋಡಿಕೊಳ್ಳುತ್ತಾರೆ. ಹೋದ ವರ್ಷ ಸುಜಾತಾ ನಾಲ್ಕನೆಯವಳಾಗಿ ಬಂದಿದ್ದಳು, ಮೂರನೆಯವಳಿಗೂ ಅವಳಿಗೂ ನಡುವೆ ಇದ್ದದ್ದು ನಾಲ್ಕು ಹೆಜ್ಜೆ. ಮಾರ್ಚಿಗೆ ಅವಳಿಗೆ ಇಪ್ಪತ್ತು ತುಂಬುತ್ತದೆ. ಆಮೇಲೆ ಪಳಗಿದ ದೊಡ್ಡ ಹೆಂಗಸರ ಜೊತೆ ಓಡಬೇಕು. ಹಾಗಾಗಿ ಇದೇ ಕಡೆಯ ಸಲ ಎಂಬುದು ಮನೆಯಲ್ಲಿ ಕುರಿಮರಿಗೂ ಗೊತ್ತಿದ್ದ ವಿಷಯ.

ಮಾಲಿಂಗನಿಗೆ ಇದು ಮಗಳ ಓಟ ಮಾತ್ರ ಆಗಿರಲಿಲ್ಲ. ಐದು ವರ್ಷದಿಂದ ಅವನು ನಸುಕಿನಲ್ಲಿ ಕೆನಾಲಿನ ದಂಡೆಯ ಮೇಲೆ ಮೊಪೆಡ್ ಹತ್ತಿ ಅವಳ ಹಿಂದೆ ಹೋಗುತ್ತಿದ್ದ. ಚಹದಂಗಡಿಯ ಕಟ್ಟೆಯ ಮೇಲೆ ಕೂತವರು "ಮಾಲಿಂಗ ಕುರಿ ಬಿಟ್ಟು ಮಗಳನ್ನ ಮೇಸಾಕ ಹೊಂಟಾನ" ಎಂದು ನಗುತ್ತಿದ್ದರು. ಹೋದ ವರ್ಷ ನಾಲ್ಕನೆಯ ಸ್ಥಾನ ಎಂದು ಗೊತ್ತಾದ ಮೇಲಂತೂ ಒಬ್ಬ ಎಲ್ಲರೆದುರು "ನಾಕನೇದವರಿಗೆ ಏನ ಕೊಡ್ತಾರ ಮಾಲಿಂಗಾ, ಚಾ ಕೊಡ್ತಾರೇನ?" ಎಂದು ಕೇಳಿದ್ದ. ಮಾಲಿಂಗ ತಾನೂ ನಕ್ಕಿದ್ದ. ಆದರೆ ಆ ಮಾತು ಅವನೊಳಗೆ ನೆಟ್ಟು ಕೂತು, ವರ್ಷವಾದರೂ ಕೀಳಲು ಬಂದಿರಲಿಲ್ಲ.

ಜ್ವರ ಕಂಡ ದಿನವೇ ಅವನು ಮಗಳನ್ನು ಕರೆದುಕೊಂಡು ಗೋಕಾಕದ ಡಾಕ್ಟರ ಹತ್ತಿರ ಹೋದ. ಡಾಕ್ಟರು ಎದೆಗೂ ಬೆನ್ನಿಗೂ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ವೈರಲ್ ಜ್ವರ. ಎದ್ಯಾಗ ಸುಂಯ್ ಸುಂಯ್ ಅನ್ನಾಕತ್ತೇತಿ. ಇದಕ್ಕ ಔಷಧ ಅಂದ್ರ ಮಲಗೂದು," ಎಂದರು.

"ಹನ್ನೊಂದ ದಿನಕ್ಕ ಓಟ ಐತ್ರಿ," ಎಂದಳು ಸುಜಾತಾ.

"ಇರಲಿ. ಜ್ವರಕ್ಕ ನಿನ್ನ ಓಟದ ತಾರೀಖು ಗೊತ್ತಿರೂದಿಲ್ಲವಾ. ಗುಳಿಗಿ ಇಲ್ದ ಮೂರ ದಿನ ಪೂರಾ ಜ್ವರ ಬರಲಿಲ್ಲ ಅಂದ್ರ, ಆಮ್ಯಾಲ ಹಗುರಕ ಓಡಾಕ ಚಾಲೂ ಮಾಡು. ಅಲ್ಲೀತನಕ ಬ್ಯಾಡ." ಆಮೇಲೆ ಅವರು ಚೀಟಿ ಬರೆಯುವುದನ್ನು ನಿಲ್ಲಿಸಿ ಮಾಲಿಂಗನ ಕಡೆ ತಿರುಗಿದರು. "ಗುಳಿಗಿ ನುಂಗಿ ಜ್ವರ ಮುಚ್ಚಿಟ್ಟು ಓಡಿದ್ರ ಅದು ಗುಂಡಗಿಗೆ ಇಳೀತೇತಿ. ಗಟ್ಟಿಮುಟ್ಟ ಹುಡುಗೋರು ಓಡ್ತಾ ಓಡ್ತಾ ಬಿದ್ದದ್ದು ನಾ ನೋಡೇನಿ. ಮನ್ಯಾಗ ಥರ್ಮಾಮೀಟರ್ ಐತೇನು? ಇಲ್ಲಂದ್ರ ಒಂದ ತಗೊಂಡ ಹೋಗ್ರಿ. ಸಂಜಿ ನೋಡಬೇಕು, ಜ್ವರ ಸಂಜಿ ಮುಂದ ಏರ್ತೇತಿ."

ಥರ್ಮಾಮೀಟರ್ ಎಂದ ಕೂಡಲೇ ಮಾಲಿಂಗನಿಗೆ ನಗು ಬಂತು. "ನನ್ನ ಕೈ ಐತ್ರಿ ಸಾಹೇಬ್ರ. ನಲವತ್ತ ವರ್ಷದಿಂದ ಸುಳ್ಳ ಹೇಳಿಲ್ಲ ಅದು," ಎಂದು ಬಲಗೈಯನ್ನು ಮುಂದೆ ಚಾಚಿ ತೋರಿಸಿದ. ಡಾಕ್ಟರು ಕೈಯನ್ನೂ ನೋಡಿದರು, ಅವನ ಮುಖವನ್ನೂ ನೋಡಿದರು, ಮುಂದಿನ ರೋಗಿಯನ್ನು ಕರೆದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಸುಜಾತಾ ಕಿಟಕಿಯ ಪಕ್ಕ ಕೂತಳು. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನ ಹುಡುಗ ಹುಡುಗಿಯರು ಗದ್ದಲ ಮಾಡುತ್ತ ಹತ್ತಿದಾಗ, ಅವಳು ಮುಖವನ್ನು ಕಿಟಕಿಗೆ ತಿರುಗಿಸಿಕೊಂಡು ಅಳುತ್ತಿರುವುದು ಮಾಲಿಂಗನಿಗೆ ಗೊತ್ತಾಯಿತು.

"ಯಪ್ಪಾ, ಹನ್ನೊಂದರಾಗ ಐದ ದಿನ ಹೋದ್ರ ಉಳಿಯೂದ ಏನು?"

"ಆರು."

"ನಾ ಲೆಕ್ಕ ಕೇಳಲಿಲ್ಲ," ಎಂದಳು ಸುಜಾತಾ, ಅಳುತ್ತಲೇ ನಕ್ಕಳು, ನಗುತ್ತಲೇ ಕೆಮ್ಮಿದಳು. ಆ ಕೆಮ್ಮು ಅರಭಾವಿಯಿಂದ ನಾಗನೂರಿನವರೆಗೂ ನಿಲ್ಲಲಿಲ್ಲ.

ಮರುದಿನ ಕಾಶಿನಾಥ ಸರ್ ಮನೆಗೆ ಬಂದರು. ಅವರು ಮೂಡಲಗಿ ಕಾಲೇಜಿನಲ್ಲಿ ಆಟದ ಮೇಷ್ಟ್ರು. ಸುಜಾತಾಳನ್ನು ಹೈಸ್ಕೂಲಿನಲ್ಲಿದ್ದಾಗಲೇ ಗುರುತಿಸಿ ಓಟಕ್ಕೆ ಹಚ್ಚಿದವರು ಅವರೇ. ಹಾಸಿಗೆಯ ಪಕ್ಕದಲ್ಲಿ ಕೂತು ಅವಳಿಗೆ ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಮೂಗು ಸೋರುವುದು, ಸೀನುವುದು ಇಷ್ಟೇ ಇದ್ದರೆ ಹಗುರಾಗಿ ಓಡಬಹುದು. ಬೇನೆ ಕುತ್ತಿಗೆಯಿಂದ ಕೆಳಗಿಳಿದು ಎದೆಗೆ ಬಂತೋ, ಮೈ ಬಿಸಿಯಾಯಿತೋ, ಆಮೇಲೆ ಹಾಸಿಗೆಯೇ ಗತಿ.

"ಐದ ವರ್ಷ ಗಳಿಸಿದ ದಮ್ಮು ಹತ್ತ ದಿನದಾಗ ಎಲ್ಲೂ ಓಡಿ ಹೋಗೂದಿಲ್ಲ. ಮಲಗೂದೂ ಒಂದು ತಯಾರೀನ ಅಂತ ತಿಳಕೋ," ಎಂದರು. ಹೊರಗೆ ಬಂದು ಗಾಡಿ ಹತ್ತುವಾಗ ಮಾಲಿಂಗನ ಕೈ ಹಿಡಿದುಕೊಂಡರು. "ಮಾಲಿಂಗಣ್ಣಾ, ಆಕಿ ಖರೆ ಹೇಳೂದಿಲ್ಲ. ಓಡೂವರು ಯಾರೂ ಹೇಳೂದಿಲ್ಲ. ನಾ ನಿಮ್ಮನ್ನ ನಂಬತೇನಿ. ದಿನಾ ಸಂಜಿ ಫೋನ್ ಮಾಡ್ತೇನಿ. ನೀವು ಬ್ಯಾಡ ಅಂದ ದಿನ ಹೆಸರ ತಗಸಿ ಬಿಡ್ತೇನಿ, ಮುಂದ ಮಾತಿಲ್ಲ."

ಹೀಗೆ ಮಗಳ ಓಟದ ಬಾಗಿಲಿಗೆ ಮಾಲಿಂಗನೇ ಕಾವಲುಗಾರನಾದ. ಮೊದಲ ಮೂರು ದಿನ ಅವನು ಕಾವಲನ್ನು ಸರಿಯಾಗಿಯೇ ಕಾದ, ಇದನ್ನು ಹೇಳಲೇಬೇಕು. ಕುರಿಗಳನ್ನು ಹೆಂಡತಿಯ ತಮ್ಮ ಯಲ್ಲಾರಿಗೆ ಒಪ್ಪಿಸಿ ಮನೆಯಲ್ಲೇ ಉಳಿದ. ಯಮನವ್ವ ಮೆಣಸು, ಶುಂಠಿ ಕುದಿಸಿ ಕೊಟ್ಟಳು, ಜೋಳದ ಅಂಬಲಿ ಮಾಡಿ ಕುಡಿಸಿದಳು. ಸುಜಾತಾ ಮೊದಲ ದಿನ ಇಡೀ ನಿದ್ದೆ ಮಾಡಿದಳು. ಎರಡನೇ ದಿನ ಮಾಡಿನ ತೊಲೆಗಳನ್ನು ನೋಡುತ್ತ ಬಿದ್ದುಕೊಂಡಳು. ಮೂರನೇ ದಿನ ಅವಳ ಕೈಗೆ ಮೊಬೈಲು ಬಂತು. ನಿಡಸೋಸಿಯ ಅನ್ನಪೂರ್ಣಾ ಎಂಬ ಹುಡುಗಿ ದಿಬ್ಬ ಹತ್ತಿ ಇಳಿಯುತ್ತಿರುವ ವಿಡಿಯೋವನ್ನು ಯಾರೋ ಹಾಕಿದ್ದರು. ಹೋದ ವರ್ಷ ನಾಲ್ಕು ಹೆಜ್ಜೆ ಮುಂದೆ ಇದ್ದವಳು ಇವಳೇ. ಸುಜಾತಾ ಅದನ್ನು ಎಷ್ಟು ಸಲ ನೋಡಿದಳೆಂದರೆ ಯಮನವ್ವ ಬೈದು ಮೊಬೈಲು ಕಸಿದುಕೊಂಡಳು. ಕಸಿದುಕೊಂಡ ಮೊಬೈಲನ್ನು ಹೊರಗೆ ಕೂತು ಮಾಲಿಂಗ ನೋಡಿದ, ಅವನೂ ಅದನ್ನೇ ನಾಲ್ಕೈದು ಸಲ ನೋಡಿದ.

ಸುಮ್ಮನಿರುವುದು ಮಗಳಿಗಿಂತ ಅಪ್ಪನಿಗೇ ಹೆಚ್ಚು ಕಷ್ಟವಾಗಿತ್ತು. ಅಂಗಳದಲ್ಲಿ ಅತ್ತ ಹೋಗಿ ಇತ್ತ ಬರುವನು, ಮೊಪೆಡ್ ಒರೆಸುವನು, ಒರೆಸಿದ್ದನ್ನೇ ಮತ್ತೆ ಒರೆಸುವನು. ಹಾಸಿಗೆಯಲ್ಲಿ ಮಲಗಿದ ಮಗಳ ಕಾಲುಗಳನ್ನು ನೋಡಿದರೆ, ದಿನದಿಂದ ದಿನಕ್ಕೆ ಅವು ಸೊರಗುತ್ತಿವೆ ಎಂದು ಅವನಿಗೆ ಅನಿಸುತ್ತಿತ್ತು. ಅವು ಸೊರಗುತ್ತಿರಲಿಲ್ಲ, ಸೊರಗುತ್ತಿದ್ದದ್ದು ಇವನ ತಾಳ್ಮೆ.

ಓಟಕ್ಕೆ ಏಳು ದಿನ ಇದ್ದಾಗ ಬೆಳಗ್ಗೆ ಕಿವಿ ತಣ್ಣಗಿತ್ತು.

"ಹೋಗೇತಿ!" ಎಂದು ಮಾಲಿಂಗ ಅಂಗಳದಿಂದಲೇ ಕೂಗಿದ. "ಜ್ವರ ಹೋಗೇತಿ!"

"ಮೂರ ದಿನ ನೋಡ್ರಿ ಅಂದಾರಲ್ಲ ಡಾಕ್ಟರು," ಎಂದಳು ಯಮನವ್ವ.

"ಅವರು ಪ್ಯಾಟಿ ಮಂದಿಗೆ ಹೇಳೂದದು."

ಕುರಿಯ ವಿಷಯದಲ್ಲಿ ಮೂರು ದಿನದ ಲೆಕ್ಕವಿಲ್ಲ. ಬೇಲಿ ಸರಿಸುವ ಹೊತ್ತಿಗೆ ಕಿವಿ ತಣ್ಣಗಿದ್ದರೆ ಕುರಿ ಹೊರಗೆ ಹೋಗುತ್ತದೆ, ಅಷ್ಟೇ. ಸಂಜೆ ಕುರಿಯ ಕಿವಿ ಮುಟ್ಟುವವರು ಯಾರೂ ಇಲ್ಲ. ದಿನವಿಡೀ ಬಿಸಿಲಿನಲ್ಲಿ ಅಲೆದ ಕುರಿಯ ಕಿವಿ ಹೇಗೂ ಬಿಸಿಯಾಗಿಯೇ ಇರುತ್ತದೆ, ಅದನ್ನು ಮುಟ್ಟಿ ತಿಳಿಯುವುದೇನೂ ಇಲ್ಲ. ನಲವತ್ತು ವರ್ಷ ಬೆಳಗ್ಗೆಯೇ ನೋಡಿ ಬಂದ ಮಾಲಿಂಗನಿಗೆ ಸಂಜೆ ನೋಡಿರಿ ಎಂಬ ಡಾಕ್ಟರ ಮಾತು ಕಿವಿಯ ಹೊರಗೇ ಉಳಿದಿತ್ತು. ಇನ್ನೊಂದು ಸಂಗತಿಯನ್ನೂ ಅವನು ಯೋಚಿಸಲಿಲ್ಲ. ಕುರಿಗೆ ರಾಜ್ಯದ ಓಟಕ್ಕೆ ಹೋಗುವ ಆಸೆ ಇರುವುದಿಲ್ಲ, ಹಾಗಾಗಿ ಅದು ಮೋಸ ಮಾಡುವುದಿಲ್ಲ.

ಆ ದಿನ ಅವಳು ಕೆನಾಲಿನ ದಂಡೆಯ ಮೇಲೆ ಎರಡು ಕಿಲೋಮೀಟರು ಅರ್ಧ ನಡೆದು ಅರ್ಧ ಓಡಿದಳು. ಮರುದಿನವೂ ಕಿವಿ ತಣ್ಣಗಿತ್ತು, ನಾಲ್ಕು ಓಡಿದಳು. ಮೂರನೇ ದಿನ ಆರು. ಕಬ್ಬಿನ ಟ್ರ್ಯಾಕ್ಟರಿನವರು ಅವಳಿಗೆ ದಾರಿ ಬಿಟ್ಟು ಹಾರನ್ ಹೊಡೆದು ಹುರಿದುಂಬಿಸಿದರು. ಮಾಲಿಂಗ ಹಿಂದಿನಿಂದ ಮೊಪೆಡ್ ಮೇಲೆ ಹೋಗುತ್ತ ತಾನೇ ಗೆದ್ದವನ ಹಾಗೆ ಎಲ್ಲರಿಗೂ ಕೈ ಎತ್ತಿದ. ಕಾಶಿನಾಥ ಸರ್ ಫೋನಿನಲ್ಲಿ "ಹಗುರಕ, ಮಾಲಿಂಗಣ್ಣಾ, ಜೋರ ಬ್ಯಾಡ" ಎಂದರೆ "ಹೂನ್ರಿ ಸರ್, ಹಗುರಕ" ಎನ್ನುತ್ತಿದ್ದ. ನಾಲ್ಕನೇ ದಿನ ಅವನೇ "ಒಂದ ಸಲ ಪೂರಾ ಜೋರ ನೋಡೂಣು" ಎಂದು ಮೊಬೈಲಿನಲ್ಲಿ ಗಡಿಯಾರ ಹಚ್ಚಿದ. ಅವಳ ಒಳ್ಳೆಯ ದಿನಗಳ ಹೊತ್ತಿಗಿಂತ ಇಪ್ಪತ್ತು ಸೆಕೆಂಡು ಮಾತ್ರ ಹೆಚ್ಚು. ಓಡಿ ಬಂದವಳು ದಂಡೆಯ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ. ನಾಲ್ಕು ದಿನ ಮಲಗಿದ ಮೈ, ದಣಿವಾಗುವುದು ಸಹಜ ಎಂದು ಮಾಲಿಂಗ ತನಗೆ ತಾನೇ ಹೇಳಿಕೊಂಡ.

ಓಟಕ್ಕೆ ಮೂರು ದಿನ ಉಳಿದಿತ್ತು. ಮತ್ತೆ ಕುರಿಗಳ ಜೊತೆ ಹೋಗತೊಡಗಿದ್ದ ಮಾಲಿಂಗ ಆ ದಿನ ಒಂದು ಕುರಿ ಕುಂಟತೊಡಗಿದ್ದರಿಂದ ಅದನ್ನು ಹೊತ್ತುಕೊಂಡು ನಾಲ್ಕು ಗಂಟೆಗೇ ಮನೆಗೆ ಬಂದ. ಒಳಗೆ ಸುಜಾತಾ ಎರಡು ಕಂಬಳಿ ಹೊದ್ದು ಜ್ವರದ ಮಂಪರಿನಲ್ಲಿ ಮಲಗಿದ್ದಳು, ಅಪ್ಪ ಬಂದದ್ದೂ ಅವಳಿಗೆ ತಿಳಿಯಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು. ಅವನ ಕೈ ತಾನಾಗಿಯೇ ಅವಳ ಕಿವಿಗೆ ಹೋಯಿತು, ಹೋದಷ್ಟೇ ಬೇಗ ಹಿಂದೆ ಬಂತು.

"ದಿನಾ ಸಂಜಿ ಮುಂದ ಹಿಂಗ ಬೀಳ್ತಾಳ," ಎಂದಳು ಯಮನವ್ವ ಬಾಗಿಲಲ್ಲಿ ನಿಂತು. "ಓಡಿದ್ದ ದಣಿವು, ಅಪ್ಪಗ ಹೇಳಬ್ಯಾಡ ಅಂತಾಳ. ರೊಟ್ಟಿ ಮುಟ್ಟಿಲ್ಲ ಎರಡ ದಿನದಿಂದ."

"ಬೆಳಿಗ್ಗೆ ತಣ್ಣಗಿತ್ತಲ್ಲ?"

"ನನಗೇನ ಗೊತ್ರಿ? ಕಿವಿ ನೋಡೂವರು ನೀವು."

ಮಾಲಿಂಗ ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಏನಾದರೂ ಮಾಡಬೇಕಲ್ಲ ಎಂದು ಮಗಳ ಬೂಟುಗಳ ಮಣ್ಣು ತೆಗೆಯಲು ಅವಳ ಚೀಲವನ್ನು ಎಳೆದುಕೊಂಡ. ಬೂಟಿನ ಒಳಗೆ, ಕಾಲುಚೀಲದ ಕೆಳಗೆ ಗುಳಿಗೆಯ ಹಾಳೆಗಳು ಸಿಕ್ಕವು. ಡಾಕ್ಟರು ಜ್ವರ ತೀರ ಹೆಚ್ಚಾದರೆ ಎಂದು ಬರೆದುಕೊಟ್ಟಿದ್ದ ಅದೇ ಗುಳಿಗೆ. ಅವರು ಕೊಟ್ಟದ್ದು ಒಂದೇ ಹಾಳೆ, ಇಲ್ಲಿ ಮೂರಿದ್ದವು. ಎರಡು ಪೂರ್ತಿ ಖಾಲಿ, ಮೂರನೆಯದರಲ್ಲಿ ಐದು ಉಳಿದಿದ್ದವು. ಅಪ್ಪ ಎದ್ದು ಕೈ ಚಾಚುವುದಕ್ಕೆ ಒಂದು ತಾಸು ಮೊದಲು ಎದ್ದು ನುಂಗಿ, ಏನೂ ಗೊತ್ತಿಲ್ಲದವಳ ಹಾಗೆ ತಲೆ ಬಾಗಿಸಿ ನಿಲ್ಲುತ್ತಿದ್ದಳು. ಅವನ ನಲವತ್ತು ವರ್ಷದ ಕೈಯನ್ನು ಮಗಳು ಐದೇ ದಿನದಲ್ಲಿ ಪೆದ್ದಾಗಿಸಿದ್ದಳು.

ಸಿಟ್ಟು ಬರಬೇಕಿತ್ತು. ಒಳಗೆ ಹೋಗಿ ಎಬ್ಬಿಸಿ ಬೈಯಬೇಕಿತ್ತು, ಕಾಶಿನಾಥ ಸರ್‌ಗೆ ಫೋನ್ ಮಾಡಬೇಕಿತ್ತು. ಗೋಕಾಕದ ಡಾಕ್ಟರು ಹೇಳಿದ್ದು ಒಂದೊಂದು ಅಕ್ಷರವೂ ಅವನಿಗೆ ಆಗ ನೆನಪಿಗೆ ಬಂತು. ನೆನಪಿಗೆ ಬರಲಿಲ್ಲ ಎಂದು ಅವನು ಮುಂದೆ ಎಷ್ಟೋ ಸಲ ಹೇಳಿಕೊಳ್ಳಲು ನೋಡಿದ, ಆದರೆ ಬಂದದ್ದು ನಿಜ. ಅದರ ಜೊತೆಗೇ ಚಹದಂಗಡಿಯ ಕಟ್ಟೆಯೂ ನೆನಪಿಗೆ ಬಂತು. ಹೇಗೂ ಓಟ ಇರುವುದು ಬೆಳಗ್ಗೆ ಎಂಟಕ್ಕೆ. ಬೆಳಗ್ಗೆ ಮೈ ತಣ್ಣಗಿರುತ್ತದೆ. ಬರೀ ಅರ್ಧ ತಾಸಿನ ಕೆಲಸ. ಅದೊಂದು ಮುಗಿದರೆ ಆಮೇಲೆ ತಿಂಗಳುಗಟ್ಟಲೆ ಮಲಗಲಿ, ಯಾರು ಬೇಡ ಎನ್ನುತ್ತಾರೆ? ಹೀಗೆ ಒಂದರ ಮೇಲೊಂದು ನೆವ ಪೇರಿಸುತ್ತ ಅವನು ಗುಳಿಗೆಯ ಹಾಳೆಗಳನ್ನು ಮೊದಲು ಹೇಗಿದ್ದವೋ ಹಾಗೇ, ಕಾಲುಚೀಲದ ಕೆಳಗೆ ಇಟ್ಟ. ಬೂಟಿನ ಮಣ್ಣನ್ನೂ ತೆಗೆಯಲಿಲ್ಲ, ತೆಗೆದರೆ ಚೀಲ ಮುಟ್ಟಿದ್ದು ಅವಳಿಗೆ ಗೊತ್ತಾಗುತ್ತದೆ.

ಸಂಜೆ ಫೋನ್ ಬಂತು.

"ಹ್ಯಾಂಗದಾಳ ಮಾಲಿಂಗಣ್ಣಾ?"

"ಆರಾಮ ಅದಾಳ್ರಿ ಸರ್."

"ಜ್ವರ?"

"ಬೆಳಿಗ್ಗೆ ನೋಡೇನ್ರಿ. ತಣ್ಣಗಿತ್ತು."

ಅದರಲ್ಲಿ ಒಂದು ಶಬ್ದವೂ ಸುಳ್ಳಿರಲಿಲ್ಲ. ಅದಕ್ಕೇ ಅದನ್ನು ಹೇಳುವುದು ಅವನಿಗೆ ಸುಲಭವಾಯಿತು.

ಉಳಿದ ಎರಡು ದಿನ ಮಾಲಿಂಗ ಮಗಳಿಗೆ ಓಡಲು ಬಿಡಲಿಲ್ಲ. ಮಾಡಿದ ತಪ್ಪಿಗೆ ಅದೊಂದು ತೇಪೆ. "ಈಗ ಪೂರಾ ಆರಾಮ ತಗೋ, ದಮ್ಮು ಕೂಡಿ ಬರಲಿ," ಎಂದು ತಾನೇ ಹಾಲು ಕಾಯಿಸಿ ತಂದುಕೊಟ್ಟ, ಮೊಟ್ಟೆ ಬೇಯಿಸಿ ಸುಲಿದು ಕೊಟ್ಟ. ಸುಜಾತಾಗೆ ಅಪ್ಪನ ಈ ಅಕ್ಕರೆ ಕಂಡು ಕಣ್ಣಲ್ಲಿ ನೀರು ಬಂತು. ಫೋನಿನಲ್ಲಿ ಇದನ್ನು ಕೇಳಿದ ಕಾಶಿನಾಥ ಸರ್ "ಬಾಳ ಶಾಣ್ಯಾತನ ಮಾಡಿದ್ರಿ. ಎಷ್ಟ ಓಡಸಬೇಕು, ಎಲ್ಲಿ ನಿಲ್ಲಸಬೇಕು ಅನ್ನೂದು ನನಗಿಂತ ನಿಮಗ ತಿಳದೇತಿ" ಎಂದರು. ಮಾಲಿಂಗ ಆ ಹೊಗಳಿಕೆಯನ್ನು ಬೇಡ ಎನ್ನಲಿಲ್ಲ.

ಓಟದ ದಿನ ಬೆಳಗ್ಗೆ ಅವನು ರೂಢಿಯಂತೆ ಕೈ ಚಾಚಿದ. ಅವಳು ರೂಢಿಯಂತೆ ತಲೆ ಬಾಗಿಸಿದಳು. ಅವಳ ಉಸಿರಿನಲ್ಲಿ ಗುಳಿಗೆಯ ಕಹಿ ವಾಸನೆ ಇನ್ನೂ ಇತ್ತು. "ತಣ್ಣಗೈತಿ," ಎಂದು ಅವನು ಯಮನವ್ವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ. ಆಮೇಲೆ ಮೂಡಲಗಿಯಿಂದ ಬಂದ ಕಾಲೇಜಿನ ಗಾಡಿ ಹತ್ತಿ ಇಬ್ಬರೂ ಗೋಕಾಕದ ಮೇಲೆ ಹಾದು ಹುಕ್ಕೇರಿಗೆ ಹೋದರು.

ಬಯಲಿನಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಜೋಳ ಕೊಯ್ದ ಹೊಲಗಳಲ್ಲಿ ಸುಣ್ಣದ ಗೆರೆ ಎಳೆದು, ಬದುವಿಗೆ ಹಗ್ಗ ಕಟ್ಟಿದ್ದರು. ಮೂರು ಕಿಲೋಮೀಟರಿನ ಸುತ್ತು, ಎರಡು ಸಲ. ಮಾಲಿಂಗ ದಿಬ್ಬದ ತುದಿಯಲ್ಲಿ ಹಗ್ಗದ ಪಕ್ಕ ಜಾಗ ಹಿಡಿದು ನಿಂತ. ಮೊದಲ ಸುತ್ತಿನಲ್ಲಿ ಸುಜಾತಾ ಏಳನೆಯವಳಾಗಿ ಬಂದಳು. ಅವನ ಕಡೆ ನೋಡಲಿಲ್ಲ. ಎರಡನೇ ಸುತ್ತಿನಲ್ಲಿ ಹಳ್ಳ ದಾಟಿ ದಿಬ್ಬ ಹತ್ತತೊಡಗಿದಾಗ ಅವಳ ಮುಂದೆ ನಾಲ್ವರಿದ್ದರು. ಅವರಲ್ಲಿ ಒಬ್ಬಳು ಏರಿನಲ್ಲೇ ಸೊಂಟ ಹಿಡಿದು ನಿಂತಳು. ಈಗ ಮೂವರು.

ಆ ಏರಿನ ತುದಿಯಲ್ಲಿ ಅವಳು ಅವನಿಗೆ ಒಂದು ಮಾರು ದೂರದಲ್ಲಿ ಹಾದುಹೋದಳು. ತುಟಿ ನೀಲಿಗಟ್ಟಿತ್ತು. ಕಣ್ಣು ಎಲ್ಲಿ ನೋಡುತ್ತಿದೆ ಎಂದು ಹೇಳಲು ಬರುತ್ತಿರಲಿಲ್ಲ. ಆ ಚಳಿಯಲ್ಲೂ ಮುಖದಿಂದ ನೀರು ಇಳಿಯುತ್ತಿತ್ತು. ಇಂಥ ಮುಖದ ಕುರಿಯನ್ನು ಮಾಲಿಂಗ ಒಂದು ಹೆಜ್ಜೆಯೂ ಮುಂದಕ್ಕೆ ಬಿಡುತ್ತಿರಲಿಲ್ಲ, ಹೆಗಲ ಮೇಲೆ ಹಾಕಿಕೊಂಡು ಮನೆಗೆ ತರುತ್ತಿದ್ದ. ಹಗ್ಗದ ಕೆಳಗೆ ನುಗ್ಗಿ ಕೈ ಚಾಚಿದ್ದರೆ ಅವಳ ರಟ್ಟೆ ಸಿಗುತ್ತಿತ್ತು.

"ಮುಂದ ಮೂರ ಮಂದಿ!" ಎಂದು ಅವನು ಗಂಟಲು ಹರಿಯುವ ಹಾಗೆ ಕೂಗಿದ. "ಒಬ್ಬಾಕಿನ್ನ ಹಿಡಿ ಸಾಕು! ಹಿಡಿ ಯವ್ವಾ, ಹಿಡಿ!"

ಅವಳು ಹಿಡಿದಳು. ಕಡೆಯ ಇನ್ನೂರು ಮೀಟರಿನಲ್ಲಿ ಅನ್ನಪೂರ್ಣಾಳ ಹೆಗಲಿಗೆ ಹೆಗಲು ತಾಗಿಸಿ, ಗೆರೆಯ ಹತ್ತಿರ ಅರ್ಧ ಹೆಜ್ಜೆ ಮುಂದಾದಳು. ಮೂರನೆಯ ಸ್ಥಾನ. ಮಾಲಿಂಗ ದಿಬ್ಬದಿಂದ ಹೊಲದ ಹೆಂಟೆಗಳ ಮೇಲೆ ಎಡವುತ್ತ, ಏಳುತ್ತ ಓಡಿ ಬಂದ. ಬರುತ್ತಲೇ ಚಹದಂಗಡಿಯವನಿಗೆ ಫೋನ್ ಹಚ್ಚಿದ. "ಮೂರನೇದು! ಕಟ್ಟಿ ಮ್ಯಾಲ ಯಾರ್ಯಾರ ಕುಂತಾರ, ಎಲ್ಲಾರಿಗೂ ಹೇಳು. ಚಾ ಕೊಡು ಎಲ್ಲಾರಿಗೂ, ನನ್ನ ಹೆಸರ ಮ್ಯಾಲ ಕೊಡು!" ಅವನ ಬದುಕಿನಲ್ಲಿ ಅಷ್ಟು ಸಂತೋಷದ ಹೊತ್ತು ಬೇರೆ ಇರಲಿಲ್ಲ. ಅದು ಎರಡು ನಿಮಿಷವಿತ್ತು. ಆ ಕಡೆಯವನು ಏನೋ ಹೇಳುತ್ತಿರುವಾಗಲೇ ಕಾಶಿನಾಥ ಸರ್ ಅವನ ಹೆಸರು ಹಿಡಿದು ಕೂಗುವುದು ಕೇಳಿಸಿತು.

ಸುಜಾತಾ ನೆಲದ ಮೇಲೆ ಕೂತಿದ್ದಳು. "ಎದಿ ಮ್ಯಾಲ ಯಾರೋ ಕುಂತಂಗ ಆಗಾಕತ್ತೇತ್ರಿ ಸರ್," ಎಂದಳು. ಅಷ್ಟು ಹೇಳಿ ಪಕ್ಕಕ್ಕೆ ವಾಲಿದಳು.

ಆಂಬುಲೆನ್ಸ್ ಅಲ್ಲೇ ನಿಂತಿತ್ತು. ಹುಕ್ಕೇರಿಯ ಆಸ್ಪತ್ರೆಯಲ್ಲಿ ನೋಡಿ ತಡಮಾಡದೆ ಬೆಳಗಾವಿಗೆ ಕಳಿಸಿದರು. ಐದು ದಿನ ಗಾಜಿನ ಬಾಗಿಲಿನ ಆಚೆ ಇದ್ದಳು. ಯಮನವ್ವ ಅಷ್ಟು ದಿನ ಗಂಡನ ಜೊತೆ ಮಾತಾಡಲಿಲ್ಲ. ಆರನೇ ದಿನ ಸುಜಾತಾಳನ್ನು ವಾರ್ಡಿಗೆ ತಂದರು. ದೊಡ್ಡ ಡಾಕ್ಟರು ಮೂವರನ್ನೂ ಎದುರಿಗಿಟ್ಟುಕೊಂಡೇ ಹೇಳಿದರು. ಜೀವಕ್ಕೆ ಇನ್ನು ಭಯವಿಲ್ಲ. ಆದರೆ ಗುಂಡಿಗೆಯ ಸ್ನಾಯುವಿಗೆ ಬಾವು ಬಂದು ಅದರ ಬಲ ಅರ್ಧ ಹೋಗಿದೆ. ಸ್ವಲ್ಪ ತಿರುಗಿ ಬರಬಹುದು, ಎಲ್ಲವೂ ಬರುವುದಿಲ್ಲ. ಮೆಟ್ಟಿಲು ಹತ್ತುವುದಾದರೂ ನಿಧಾನವಾಗಿ ಹತ್ತಬೇಕು.

"ಓಡೂದು ಎಂದಿನಿಂದ ಚಾಲೂ ಮಾಡಬಹುದ್ರಿ?" ಎಂದು ಸುಜಾತಾ ಕೇಳಿದಳು.

ಡಾಕ್ಟರು ಸ್ವಲ್ಪ ಹೊತ್ತು ಅವಳ ಹಾಳೆಗಳನ್ನು ತಿರುವಿದರು. "ಓಡೂದನ್ನ ತಲ್ಯಾಗಿಂದ ತಗದ ಬಿಡವಾ," ಎಂದರು.

ಅವಳು ಅಳಲಿಲ್ಲ. ಯಮನವ್ವ ಅತ್ತಳು, ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು.

ಅದೇ ಮಧ್ಯಾಹ್ನ ಕಾಶಿನಾಥ ಸರ್ ಬಂದರು. ಅವರ ಕೈಯಲ್ಲಿ ಒಂದು ಅರ್ಜಿ ಇತ್ತು. ರಾಜ್ಯದ ಓಟಕ್ಕೆ ಸುಜಾತಾಳ ಬದಲು ಅನ್ನಪೂರ್ಣಾಳನ್ನು ಕಳಿಸಲು ಇವಳ ಸಹಿ ಬೇಕಿತ್ತು. ಸುಜಾತಾ ದಿಂಬಿಗೆ ಒರಗಿಕೊಂಡು ಸಹಿ ಹಾಕಿದಳು, ಒಂದು ಸಹಿ ಹಾಕುವಷ್ಟರಲ್ಲಿ ಅವಳಿಗೆ ಏದುಸಿರು ಬಂತು. ಸರ್ ಅರ್ಜಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. ಆಮೇಲೆ ಮಾಲಿಂಗನ ಕಡೆ ನೋಡಿದರು. ಸಿಟ್ಟಿನಿಂದಲ್ಲ, ಅರ್ಥವಾಗದೆ.

"ದಿನಾ ನೋಡಿದ್ರಿ ಅಲ್ಲಾ ಮಾಲಿಂಗಣ್ಣಾ? ಒಂದ ದಿನಾನೂ ಮೈ ಬಿಸಿ ಹತ್ತಲಿಲ್ಲ ನಿಮಗ?"

ಮಾಲಿಂಗ ಬಾಯಿ ತೆರೆದ. ಅವನು ಏನು ಹೇಳುತ್ತಿದ್ದನೋ ಅವನಿಗೂ ಗೊತ್ತಿಲ್ಲ, ಯಾಕೆಂದರೆ ಅಷ್ಟರಲ್ಲಿ ಸುಜಾತಾ ಮಾತಾಡಿದಳು.

"ಅಪ್ಪಂದೇನೂ ತಪ್ಪಿಲ್ರಿ ಸರ್. ನಾ ಗುಳಿಗಿ ತಗೋತಿದ್ದೆ. ನಸುಕಿನ್ಯಾಗ ಎದ್ದು, ಅಪ್ಪ ನೋಡೂಕಿಂತ ಮೊದಲ. ಆಂವಗ ಗೊತ್ತಾಗಲಾರದಂಗ ಬೂಟಿನ್ಯಾಗ ಮುಚ್ಚಿಡತಿದ್ದೆ. ಆಂವ ಪಾಪ, ತಣ್ಣಗೈತಿ ಅಂತ ನಂಬಿದ."

ಕಾಶಿನಾಥ ಸರ್ ಕಣ್ಣು ಮುಚ್ಚಿಕೊಂಡರು. ಆಮೇಲೆ ಎದ್ದು ಬಂದು ಮಾಲಿಂಗನ ಹೆಗಲ ಮೇಲೆ ಕೈ ಇಟ್ಟರು. "ಮನಸಿಗೆ ಹಚ್ಚಿಕೋಬ್ಯಾಡ್ರಿ. ನಿಮ್ಮ ಜಾಗಾದಾಗ ಯಾರ ಇದ್ರೂ ಮೋಸ ಹೋಗ್ತಿದ್ರು," ಎಂದರು. ಹೆಗಲ ಮೇಲಿನ ಆ ಕೈ ಮಾಲಿಂಗನಿಗೆ ಹೊರಲಾರದಷ್ಟು ಭಾರವಾಯಿತು. ಈಗ ಹೇಳಬೇಕು ಎಂದುಕೊಂಡ. ಸರ್ ಬಾಗಿಲ ತನಕ ಹೋದರು, ಈಗ ಎಂದುಕೊಂಡ. ಅವರ ಚಪ್ಪಲಿಯ ಸಪ್ಪಳ ಮೆಟ್ಟಿಲಿಳಿದು ಕೇಳಿಸದಾಯಿತು.

ಇಬ್ಬರೇ ಉಳಿದರು. ಸುಜಾತಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಆರು ದಿನದಲ್ಲಿ ಅವಳ ಕಣ್ಣಲ್ಲಿ ಮೊದಲ ಸಲ ನೀರು ತುಂಬಿತು.

"ಯಪ್ಪಾ, ದಿನಾ ಸಂಜಿ ಹೇಳಿಬಿಡಬೇಕು ಅನಸ್ತಿತ್ತು. ಹೇಳಿದ್ರ ನೀ ಬಿಡೂದಿಲ್ಲ ಅಂತ ಗೊತ್ತಿತ್ತು. ಗೊತ್ತಾಗಿದ್ರ ನೀ ನನ್ನ ಕಾಲ ಕಟ್ಟಿ ಹಾಕ್ತಿದ್ದಿ. ನಿನಗ ಮೋಸ ಮಾಡಿದೆ ಯಪ್ಪಾ. ಐದ ವರ್ಷ ನನ್ನ ಹಿಂದ ತಿರುಗಿದಿ, ನಿನಗ ಮೋಸ ಮಾಡಿದೆ. ಮಾಫ್ ಮಾಡು."

ಮಗಳಿಗೆ ಈಗ ನಿಜ ಹೇಳಿದರೆ ಅವಳ ಎದೆಗೆ ತಾಳಲಿಕ್ಕಿಲ್ಲ, ಡಾಕ್ಟರು ಮನಸ್ಸಿಗೆ ನೋವಾಗಬಾರದು ಎಂದಿದ್ದಾರೆ ಎಂದು ಮಾಲಿಂಗ ಒಳಗೊಳಗೇ ಹೇಳಿಕೊಂಡ. ಅದು ನೆವ. ತನ್ನನ್ನು ಕಾಲು ಕಟ್ಟಿಹಾಕಿ ಉಳಿಸುತ್ತಿದ್ದ ಅಪ್ಪ ಎಂದು ಅವಳು ನಂಬಿದ್ದಾಳಲ್ಲ, ಆ ಅಪ್ಪನನ್ನು ಕಳೆದುಕೊಳ್ಳಲು ಅವನಿಗೆ ಧೈರ್ಯವಿರಲಿಲ್ಲ. ಅವಳು ಕಾಯುತ್ತಿದ್ದಳು. ಅವನು ಮಂಚದ ಅಂಚಿನ ಮೇಲೆ ಕೂತ.

"ಆತ ಬಿಡವ್ವಾ," ಎಂದ. "ಮಾಫ್ ಮಾಡೇನಿ."

ಸುಜಾತಾ ಉದ್ದಕ್ಕೆ ಉಸಿರು ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಅಪ್ಪ ಕ್ಷಮಿಸಿದ ಎಂಬ ನೆಮ್ಮದಿಗೆ ಆ ಮಧ್ಯಾಹ್ನ ಅವಳಿಗೆ ಗಾಢವಾಗಿ ನಿದ್ದೆ ಹತ್ತಿತು.